ಕೇಳಿದ್ದಕ್ಕೊಂದು ಚೀಟಿ

(ಧಾರವಾಡದ ಸಾಧನಕೇರಿ ಹತ್ತಿರ ನಮ್ಮ ಓದುಗರ ಗುಂಪು ತಿಂಗಳಿಗೊಮ್ಮೆ ಸೇರುತ್ತದೆ. ಕಳೆದ ಸಲ ಅಲ್ಲಿ ನಾನು ಮಾತಾಡಿದ್ದರ ಬರಹ ರೂಪ ಇದು. ತಗಡಿನ ಮೇಲೆ ಮಳೆ ಬಡಿದು ಯಾರಿಗೂ ಕೇಳಿಸದೆ ಹೋದ ಮಾತನ್ನು ಇಲ್ಲಿ ಸೇರಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಬೋರ್ಡಿನ ಮೇಲಿದೆ: "ಸೈನ್ಯದ ಕದ್ದಾಲಿಕೆ ದಾಖಲೆಗಳು ಮತ್ತು ಖಾಸಗಿತನದ ನಿಯಮಗಳು." ಓದಿದರೇ ನಿದ್ದೆ ಬರುವಂತಿದೆ. ಸೈನ್ಯ ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ಮೊದಲು ನಮ್ಮ ಚಿಗವ್ವನ ಕತೆ ಹೇಳುತ್ತೇನೆ.

ಚಿಗವ್ವ 1970ರ ದಶಕದಲ್ಲಿ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಆಗ ಪರ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜಂಟ್, ಲೈಟ್ನಿಂಗ್ ಅಂತ ದರ ಬೇರೆ ಬೇರೆ. ಅವಳ ತಲೆಗೆ ಹೆಡ್‌ಫೋನ್, ಮುಂದೆ ತೂತುಗಳ ಬೋರ್ಡು, ಕೈಯಲ್ಲಿ ವೈರಿನ ಪ್ಲಗ್ಗು. ಲೈನ್ ಕೂಡಿತೋ ಇಲ್ಲವೋ ನೋಡಲು ನಡುನಡುವೆ ಕಿವಿ ಕೊಡಲೇಬೇಕು. ಹೀಗಾಗಿ ಊರಿನ ಅರ್ಧ ವ್ಯವಹಾರ ಅವಳ ಕಿವಿಯಿಂದಲೇ ಹಾದುಹೋಗುತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಎಷ್ಟಕ್ಕೆ ಹೋಯಿತು, ಹುಬ್ಬಳ್ಳಿಯಲ್ಲಿ ಹತ್ತಿ ದರ ಏರಿತೋ ಇಳಿಯಿತೋ, ಯಾರ ಮನೆಗೆ ಹೆಣ್ಣು ನೋಡಲು ಯಾರು ಬರುತ್ತಾರೆ, ಎಲ್ಲ. ಮನೆಗೆ ಬಂದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾವು ಹುಡುಗರು ಕಾಡಿದರೆ, "ಹೇಳಿದ್ರ ಮೂರು ವರ್ಷ ಜೈಲು. ಬುತ್ತಿ ನೀ ತಂದು ಕೊಡ್ತಿ ಏನು?" ಎನ್ನುತ್ತಿದ್ದಳು. ಸುಮ್ನೆ ಹೆದರಿಸುವ ಮಾತಲ್ಲ ಅದು. 1885ರ ಟೆಲಿಗ್ರಾಫ್ ಕಾಯ್ದೆಯ 26ನೇ ಕಲಮು ಹಾಗೇ ಇತ್ತು.

ಅವಳು ಬರೆಯುತ್ತಿದ್ದದ್ದು ಒಂದೇ, ಟ್ರಂಕ್ ಕಾಲಿನ ಚೀಟಿ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು. ಮಾತಿನ ಒಂದಕ್ಷರವೂ ಅದರಲ್ಲಿ ಇರುತ್ತಿರಲಿಲ್ಲ. ಆದರೂ ತಿಂಗಳ ಕೊನೆಗೆ ಬಿಲ್ಲಿನ ಜಗಳ ಬಂದರೆ ಆ ಚೀಟಿಯನ್ನೇ ತೆಗೆಯುತ್ತಿದ್ದರು. "ನಾ ಮಾತಾಡೇ ಇಲ್ಲ" ಎಂದು ಕೂಗಾಡುತ್ತ ಬಂದವರು ಚೀಟಿ ನೋಡಿ ಸುಮ್ಮನೆ ರೊಕ್ಕ ಕಟ್ಟಿ ಹೋಗುತ್ತಿದ್ದರಂತೆ. ಒಂದೊಂದು ಸಲ ಚೀಟಿಯೇ ತಪ್ಪಿದ್ದು ಗೊತ್ತಾಗಿ ಇಲಾಖೆಯೇ ರೊಕ್ಕ ಬಿಟ್ಟದ್ದೂ ಉಂಟಂತೆ.

ಆ ಚೀಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಈಗ ಅಮೆರಿಕಕ್ಕೆ ಹೋಗೋಣ.

1970ರ ಜನವರಿ. ಕ್ರಿಸ್ಟೋಫರ್ ಪೈಲ್ ಎನ್ನುವ ಒಬ್ಬ ಮಾಜಿ ಕ್ಯಾಪ್ಟನ್ ಒಂದು ಮಾಸಪತ್ರಿಕೆಯಲ್ಲಿ ಲೇಖನ ಬರೆದ. ಅವನು ಸೈನ್ಯದ ಗುಪ್ತಚರ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಅಮೆರಿಕದ ಸೈನ್ಯ ತನ್ನದೇ ನಾಗರಿಕರ ಮೇಲೆ ಕಣ್ಣಿಟ್ಟಿದೆ ಎಂದು ಅವನು ಬಯಲು ಮಾಡಿದ. ಸುಮಾರು 300 ಕಚೇರಿಗಳು, ಹೆಚ್ಚುಕಡಿಮೆ 1000 ಮಂದಿ ಮಫ್ತಿಯ ಏಜೆಂಟರು. ವಿಯೆಟ್ನಾಂ ಯುದ್ಧ ಬೇಡ ಎಂದು ಮೆರವಣಿಗೆ ಮಾಡಿದವರು, ಕರಿಯರ ಹಕ್ಕಿಗಾಗಿ ಸಭೆ ಸೇರಿದವರು, ಎಲ್ಲರ ಹೆಸರೂ ಫೈಲಿಗೆ ಹೋಗುತ್ತಿತ್ತು. ವೈರಿಯ ಮೇಲೆ ಇಡಬೇಕಾದ ಕಣ್ಣು ಮನೆಯವರ ಮೇಲೆ!

ಗದ್ದಲ ಆಯಿತು. 1971ರಲ್ಲಿ ಸ್ಯಾಮ್ ಎರ್ವಿನ್ ಎಂಬ ಸೆನೆಟರ್ ವಿಚಾರಣೆ ನಡೆಸಿದ. ಮುಂದೆ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ತನಿಖಾ ಸಮಿತಿಗೆ ಅಧ್ಯಕ್ಷ ಆದವನೂ ಇವನೇ. ಅತ್ತ ಕೆಲವರು ಕೋರ್ಟಿಗೆ ಹೋದರು. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅವರನ್ನು ವಾಪಸ್ ಕಳಿಸಿತು. ಸೈನ್ಯ ಮಾಹಿತಿ ಕೂಡಿಸಿದೆ ಎಂದಷ್ಟಕ್ಕೇ ನಿಮಗೇನೂ ನಷ್ಟ ಆದಂತಲ್ಲ, ನಷ್ಟ ತೋರಿಸಿ ಬನ್ನಿ ಅಂದಿತು. ನಾನು ವಕೀಲ, ಕೋರ್ಟಿನ ಬಗ್ಗೆ ಹಗುರವಾಗಿ ಮಾತಾಡಬಾರದು. ಆದರೂ ಕೇಳುತ್ತೇನೆ: ಫೈಲ್ ನೋಡಲು ಕೊಡದವರು ನಷ್ಟ ತೋರಿಸು ಎಂದರೆ ಎಲ್ಲಿಂದ ತೋರಿಸೋದು?

ಕೋರ್ಟಿನಲ್ಲಿ ಸಿಗದ್ದು ಕಾಯ್ದೆಯಲ್ಲಿ ಸ್ವಲ್ಪ ಸಿಕ್ಕಿತು. ಎರ್ವಿನ್ ಹಿಂದೆ ಬಿದ್ದು ತಂದ ಪ್ರೈವೆಸಿ ಕಾಯ್ದೆಗೆ 1974ರ ಡಿಸೆಂಬರ್ 31ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಅದರ ಜೀವಾಳ ಒಂದೇ ಮಾತು. ಸರ್ಕಾರದ ಬಳಿ ಹೆಸರು ಹಿಡಿದು ಹುಡುಕುವಂಥ ದಾಖಲೆಗಳ ಕಟ್ಟು ಇದ್ದರೆ, ಅಂಥದ್ದೊಂದು ಇದೆ ಎಂದು ಮೊದಲು ಗೆಜೆಟ್‌ನಲ್ಲಿ ಅಚ್ಚು ಹಾಕಿಸಬೇಕು. ಅದರಲ್ಲಿ ಯಾರ ಹೆಸರು ಇರುತ್ತದೆ, ಏನು ಬರೆದಿಡುತ್ತಾರೆ, ಯಾರ ಕೈಗೆ ಹೋಗುತ್ತದೆ, ಎಷ್ಟು ವರ್ಷ ಇಡುತ್ತಾರೆ, ನನ್ನ ಹೆಸರು ಇದೆಯಾ ಎಂದು ಕೇಳಲು ಯಾರಿಗೆ ಬರೆಯಬೇಕು, ಎಲ್ಲ. ತಪ್ಪಿದ್ದರೆ ತಿದ್ದಿ ಎಂದು ಅರ್ಜಿ ಹಾಕಬಹುದು. ಅರ್ಜಿ ಮುಟ್ಟಿತು ಎಂದು 10 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ನಮ್ಮ ಹೊಲದ ಉತಾರದ ಹಾಗೆ ನೋಡಿ. ಹೆಸರು ತಪ್ಪಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡುತ್ತೀರಿ. ಕೆಲಸ ಆಗೋದು ಬಿಡೋದು ಆಮೇಲಿನ ಮಾತು. ಉತಾರ ಅಂತ ಒಂದಿದೆ ಎನ್ನುವುದಾದರೂ ಗೊತ್ತಿರುತ್ತದಲ್ಲ!

ಈ ಕಾಯ್ದೆ ಸೈನ್ಯವನ್ನೂ ಬಿಟ್ಟಿಲ್ಲ. ಅಮೆರಿಕದ ಭೂಸೇನೆಯ ಗುಪ್ತಚರ ವಿಭಾಗದಲ್ಲಿ ಟೆಕ್ನಿಕಲ್ ಸರ್ವೇಲನ್ಸ್ ಇಂಡೆಕ್ಸ್ ಎಂಬ ಒಂದು ಸೂಚಿ ಇತ್ತು. ಯಂತ್ರ ಇಟ್ಟು ಯಾರ ಮಾತು ಕೇಳಿದೆವು ಎನ್ನುವುದಕ್ಕೆ ಹೆಸರಿನ ಪಟ್ಟಿ. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಇಂಥದ್ದೇ ಒಂದನ್ನು 1960ರ ದಶಕದಿಂದ ಇಟ್ಟುಕೊಂಡು ಬಂದಿದೆ.

ಕೇಳಿದ್ದಕ್ಕೆ ಪಟ್ಟಿ ಯಾಕೆ ಬೇಕು ಅಂತೀರಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕದ್ದು ಕೇಳಿದ್ದಲ್ಲದೆ ಹೆಸರು ಬೇರೆ ಬರೆದಿಡುತ್ತಾರಲ್ಲ ಎಂದು ಸಿಟ್ಟೂ ಬಂದಿತ್ತು. ಓದುತ್ತ ಹೋದಂತೆ ಕಾರಣ ಸಿಕ್ಕಿತು. 1970ರಲ್ಲಿ ಅಲ್ಲಿ ಇನ್ನೊಂದು ಕಾಯ್ದೆ ಬಂದಿತ್ತು. ಆರೋಪಿ ಕೋರ್ಟಿನಲ್ಲಿ ಎದ್ದು ನಿಂತು, "ಈ ಸಾಕ್ಷಿ ನನ್ನ ಮಾತು ಕಾನೂನುಬಾಹಿರವಾಗಿ ಕದ್ದು ಕೇಳಿ ಹುಟ್ಟಿಸಿದ್ದು" ಎಂದರೆ ಸರ್ಕಾರ ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು. ಹಾರಿಕೆಯ ಉತ್ತರ ನಡೆಯದು. ಹಾಗೆ ಖಚಿತವಾಗಿ ಹೇಳಬೇಕೆಂದರೆ ಹುಡುಕಿ ನೋಡಲು ಒಂದು ಪಟ್ಟಿ ಇರಬೇಕಲ್ವಾ? ಇಂಥ ಪಟ್ಟಿಗೆ ಮಾತಿನ ಸಾರವೇ ಬೇಕಿಲ್ಲ. ಹೆಸರು, ತಾರೀಖು, ಜಾಗ ಇದ್ದರೆ ಸಾಕು.

ಚಿಗವ್ವನ ಚೀಟಿ!

ಅಲ್ಲಿನ 1968ರ ಕಾಯ್ದೆ ಪೊಲೀಸರ ಕದ್ದಾಲಿಕೆಗೆ ಇನ್ನೂ ಬಿಗಿ. ನ್ಯಾಯಾಧೀಶರ ಆದೇಶ ಬೇಕು, ಒಂದು ಆದೇಶಕ್ಕೆ 30 ದಿನ ಗಡುವು. ಮುಗಿದ ಮೇಲೆ ಟೇಪನ್ನು ನ್ಯಾಯಾಧೀಶರ ಮುಂದೆ ಸೀಲ್ ಮಾಡಬೇಕು, 10 ವರ್ಷ ಇಡಬೇಕು. ಆಮೇಲೂ ಅವರ ಅಪ್ಪಣೆ ಇಲ್ಲದೆ ನಾಶ ಮಾಡುವಂತಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇದು: ಕೇಳುವುದು ಮುಗಿದ 90 ದಿನಗಳೊಳಗೆ "ನಿಮ್ಮ ಮಾತು ಇಂಥ ದಿನದಿಂದ ಇಂಥ ದಿನದವರೆಗೆ ಕೇಳಿದ್ದೆವು" ಎಂದು ಆ ಮನುಷ್ಯನಿಗೆ ನೋಟಿಸ್ ಕೊಡಬೇಕು. ತನಿಖೆ ಕೆಡುತ್ತದೆ ಎಂದರೆ ನ್ಯಾಯಾಧೀಶರು ಮುಂದೂಡಬಹುದು, ಅಷ್ಟೇ.

ಅಮೆರಿಕವನ್ನು ಜಾಸ್ತಿ ಹೊಗಳಿದೆ ಅನಿಸುತ್ತದೆ. ಹುಳುಕೂ ಹೇಳಬೇಕು. ಮೇಲೆ ಹೇಳಿದ ಸೈನ್ಯದ ಸೂಚಿಗೆ ವಿನಾಯಿತಿ ಇತ್ತು. "ಹೇಳಿದರೆ ಅವನು ಎಚ್ಚರಾಗುತ್ತಾನೆ, ಸಾಕ್ಷಿ ಅಳಿಸುತ್ತಾನೆ" ಎಂಬಂಥ ಕಾರಣವನ್ನು ಅಚ್ಚು ಹಾಕಿಸಿ, ಅರ್ಜಿ ಹಾಕಿದವನಿಗೆ ಇಲ್ಲ ಎನ್ನಬಹುದಿತ್ತು. ಎನ್‌ಎಸ್‌ಎ ಅಂದರೆ ಅವರ ರಕ್ಷಣಾ ಇಲಾಖೆಯ ಕಿವಿ. ಅದೂ ಅದಕ್ಕಿಂತ ಮುಂಚೆ ಆ ಕೆಲಸ ಮಾಡುತ್ತಿದ್ದ ಸಂಸ್ಥೆಗಳೂ ಸೇರಿ 1945ರಿಂದ 1975ರವರೆಗೆ ತಂತಿ ಕಂಪನಿಗಳಿಂದ ಟೆಲಿಗ್ರಾಂ ಪ್ರತಿಗಳನ್ನು ತರಿಸಿಕೊಂಡು ಓದುತ್ತಿದ್ದರು. ಒಂದು ಹಂತದಲ್ಲಿ ತಿಂಗಳಿಗೆ ಸುಮಾರು 1,50,000. ಎನ್‌ಎಸ್‌ಎ ಕಣ್ಣಿಟ್ಟಿದ್ದ ಜನರ ಪಟ್ಟಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಬಾಕ್ಸರ್ ಮುಹಮ್ಮದ್ ಅಲಿ ಕೂಡ ಇದ್ದರು. ಅದು ಹೊರಬಿದ್ದ ಮೇಲೇ 1978ರಲ್ಲಿ ವಿದೇಶಿ ಗೂಢಚಾರಿಕೆಗೆ ಪ್ರತ್ಯೇಕ ಗುಪ್ತ ಕೋರ್ಟು ಬಂದದ್ದು. ಆ ದಾರಿಯಲ್ಲಿ ಕೇಳಿದರೆ 90 ದಿನದ ನೋಟಿಸ್ ಇಲ್ಲ. ಕೋರ್ಟಿನಲ್ಲಿ ನಿಮ್ಮ ಮೇಲೆಯೇ ಸಾಕ್ಷಿಯಾಗಿ ಬಳಸಿದರೆ ಮಾತ್ರ ಹೇಳುತ್ತಾರೆ.

ಇನ್ನೊಂದು ಮಾತು, ಇಲ್ಲಿ ಕೂತ ಎಷ್ಟೋ ಮಂದಿಯ ಮಕ್ಕಳು ಅಲ್ಲಿದ್ದಾರೆ ಅಂತ ಹೇಳುತ್ತೇನೆ. ಆ ಪ್ರೈವೆಸಿ ಕಾಯ್ದೆ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ಹುಬ್ಬಳ್ಳಿ ಹುಡುಗ ತೆರಿಗೆ ಕಟ್ಟುತ್ತಾನೆ, ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಅವನು ಹೊರಗಿನವನೇ.

ಈಗ ನಮ್ಮ ಕಡೆ ಬರೋಣ.

ಗಡಿಯಾಚೆಯ ಮಾತು ಕೇಳುವುದು ಸೈನ್ಯದ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. 1999ರ ಮೇ ಕೊನೆಯಲ್ಲಿ ಬೀಜಿಂಗ್‌ನಲ್ಲಿದ್ದ ಮುಷರಫ್ ಮತ್ತು ರಾವಲ್ಪಿಂಡಿಯಲ್ಲಿದ್ದ ಜನರಲ್ ಅಜೀಜ್ ಫೋನಿನಲ್ಲಿ ಮಾತಾಡಿದ್ದನ್ನು ನಮ್ಮವರು ಹಿಡಿದರು. ಜೂನ್ 11ಕ್ಕೆ ಅದನ್ನು ಲೋಕಕ್ಕೆ ಕೇಳಿಸಿದರು. ಕಾರ್ಗಿಲ್‌ನಲ್ಲಿ ಇರುವವರು ಬರೀ ಉಗ್ರರು, ಸೈನಿಕರಲ್ಲ ಎಂದಿದ್ದ ಪಾಕಿಸ್ತಾನದ ಮಾತು ಅಲ್ಲಿಗೆ ಮುಗಿಯಿತು. ಅಂಥ ಕಿವಿ ದೇಶಕ್ಕೆ ಬೇಕು.

ಆ ಕಿವಿ ಒಳಗೆ ತಿರುಗಿದಾಗ ಏನು ಎನ್ನುವುದು ನನ್ನ ಪ್ರಶ್ನೆ. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. ಕಂಪ್ಯೂಟರಿನಲ್ಲಿರುವ, ಅದರಿಂದ ಹೋಗುವ ಬರುವ ಮಾಹಿತಿಯನ್ನು ನೋಡಲು 10 ಸಂಸ್ಥೆಗಳಿಗೆ ಅಧಿಕಾರ. ಐಬಿ, ಸಿಬಿಐ, ಇ.ಡಿ. ಎಲ್ಲ ಇವೆ. ಅವುಗಳ ನಡುವೆ ಸೈನ್ಯದ್ದೂ ಒಂದಿದೆ, ಡೈರೆಕ್ಟೊರೇಟ್ ಆಫ್ ಸಿಗ್ನಲ್ ಇಂಟೆಲಿಜೆನ್ಸ್. ಜಮ್ಮು-ಕಾಶ್ಮೀರ, ಈಶಾನ್ಯ ಭಾರತ ಮತ್ತು ಅಸ್ಸಾಂ ಟೆಲಿಕಾಂ ಸೇವಾ ಪ್ರದೇಶಗಳಿಗೆ ಮಾತ್ರ ಎಂದು ಎದುರಿಗೇ ಬರೆದಿದೆ. ಅಂದರೆ ಧಾರವಾಡದ ನಮಗೆ ಅದು ಸಂಬಂಧವಿಲ್ಲ. ಅಲ್ಲಿ ಇರುವವರೂ ನಮ್ಮ ದೇಶದವರೇ ಎನ್ನುವುದು ಬೇರೆ ಮಾತು.

ಆ ದಾಖಲೆಗಳಿಗೆ ನಿಯಮ ಏನು? ಫೋನಿನ ವಿಷಯ ಮೊದಲು ನೋಡೋಣ, ಅಲ್ಲಿಂದಲೇ ಎಲ್ಲ ಶುರು. ಕದ್ದಾಲಿಕೆ ಅಂದರೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆ ಆರೋಪ ಬಂದು ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಫೋನ್ ಕದ್ದಾಲಿಕೆಗೆ ಮಾರ್ಗಸೂಚಿ ಹಾಕಿತು. ಅದರ ಮೇಲೇ ಟೆಲಿಗ್ರಾಫ್ ನಿಯಮಗಳ 419ಎ, ಅಂದರೆ ಕದ್ದಾಲಿಕೆಯ ನಿಯಮ, ನಿಂತಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು. 2023ರಲ್ಲಿ ಹೊಸ ಟೆಲಿಕಾಂ ಕಾಯ್ದೆ, 2024ರ ಡಿಸೆಂಬರ್‌ನಲ್ಲಿ ಅದರ ಕದ್ದಾಲಿಕೆ ನಿಯಮ. ಹೆಸರು ಹೊಸದು, ಒಳಗಿನ ಬಹುಪಾಲು ಹಳೆಯದೇ.

ನಮ್ಮಲ್ಲಿ ಆದೇಶ ಕೊಡುವವರು ನ್ಯಾಯಾಧೀಶರಲ್ಲ, ಗೃಹ ಕಾರ್ಯದರ್ಶಿ. ಒಂದು ಆದೇಶ 60 ದಿನ, ಎಳೆದರೆ 180 ದಿನ. ಆದೇಶ ಸರಿಯೋ ತಪ್ಪೋ ನೋಡಲು ಒಂದು ಪರಿಶೀಲನಾ ಸಮಿತಿ ಇದೆ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ. ಕೊಟ್ಟವರೂ ಅಧಿಕಾರಿ, ನೋಡುವವರೂ ಅಧಿಕಾರಿ. ಎರಡು ತಿಂಗಳಿಗೊಮ್ಮೆ ಸೇರಬೇಕು. ಡೇಟಾ ರಕ್ಷಣೆಯ ಕಾಯ್ದೆಗಾಗಿ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಆರ್‌ಟಿಐನಲ್ಲಿ ಹೊರಬಂದ ಒಂದು ಲೆಕ್ಕ ಎತ್ತಿ ತೋರಿಸಿತ್ತು. ಒಂದೊಂದು ಸಭೆಯಲ್ಲಿ ಪರಿಶೀಲಿಸಬೇಕಾದ ಆದೇಶ 15,000ದಿಂದ 18,000! ನಮ್ಮ ಕೋರ್ಟಿನಲ್ಲಿ ದಿನಕ್ಕೆ ನೂರು ಕೇಸು ಬೋರ್ಡಿಗೆ ಬಂದರೆ ಸಂಜೆ ಹೊತ್ತಿಗೆ ಎಲ್ಲರ ಮುಖ ನೋಡಬೇಕು ನೀವು.

ಇನ್ನು ದಾಖಲೆ. ಆರು ತಿಂಗಳಿಗೊಮ್ಮೆ ಕದ್ದಾಲಿಕೆಯ ದಾಖಲೆಗಳನ್ನು ನಾಶ ಮಾಡಬೇಕು, ಮುಂದೆ ಬೇಕಾದದ್ದನ್ನು ಬಿಟ್ಟು. ಫೋನ್ ಕಂಪನಿಯವರು ಎರಡು ತಿಂಗಳಲ್ಲಿ ಅಳಿಸಬೇಕು. ಮೊದಲ ಸಲ ಓದಿದಾಗ ನನಗೆ ಖುಷಿ ಆಯಿತು. ಸುಟ್ಟು ಹಾಕಿದರೆ ಒಳ್ಳೆಯದೇ ಅಲ್ವಾ, ನಮ್ಮ ಮಾತು ಯಾರ ಕೈಗೂ ಸಿಗೋದಿಲ್ಲ.

ಆಮೇಲೆ ಹೊಳೆಯಿತು. ನಿಮಗೆ ನೋಟಿಸ್ ಇಲ್ಲ. ಕೇಳುತ್ತಿದ್ದಾರೆ ಎಂದೂ ಹೇಳುವುದಿಲ್ಲ, ಕೇಳಿದ್ದೆವು ಎಂದೂ ಹೇಳುವುದಿಲ್ಲ. ಆರು ತಿಂಗಳಿಗೆ ಮಾತಿನ ಜೊತೆಗೆ ಆದೇಶದ ಕಾಗದವೂ ಹೋಗುತ್ತದೆ. ತಪ್ಪಾಗಿ ಕೇಳಿದ್ದರೆ ಆ ತಪ್ಪಿನ ಗುರುತೂ ಅದೇ ಬೆಂಕಿಗೆ. 2019ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ಉದ್ಯಮಿಯ ಮೇಲಿನ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿ, ಧ್ವನಿಮುದ್ರಣ ನಾಶ ಮಾಡಿ ಎಂದಿತು. ಒಳ್ಳೆಯ ತೀರ್ಪು. ಅವನಿಗೆ ವಿಷಯ ಗೊತ್ತಾದದ್ದು ಹೇಗೆ? ಸಿಬಿಐ ಅದನ್ನೇ ಸಾಕ್ಷಿ ಮಾಡಿ ಕೇಸು ಹಾಕಿತ್ತು. ಕೇಸೇ ಇಲ್ಲದವರಿಗೆ? ನಿರಪರಾಧಿ ಎಂದು ಗೊತ್ತಾಗಿ ಕೈಬಿಟ್ಟವರಿಗೆ? ಅವರ ಪಾಲಿಗೆ ಏನೂ ನಡೆದೇ ಇಲ್ಲ.

ಹಾಗಾದರೆ ನಮ್ಮ ಹೊಸ ಡೇಟಾ ರಕ್ಷಣೆ ಕಾಯ್ದೆ ಇದೆಯಲ್ಲ ಎನ್ನಬಹುದು. 2023ರದ್ದು. ಅದರ 17ನೇ ಕಲಮಿನಲ್ಲಿ ಕೇಂದ್ರ ಸರ್ಕಾರ ತಾನೇ ಯಾವ ಸಂಸ್ಥೆಯನ್ನು ಬೇಕಾದರೂ ದೇಶದ ಭದ್ರತೆಯ ಹೆಸರಿನಲ್ಲಿ ಕಾಯ್ದೆಯಿಂದ ಹೊರಗಿಡಬಹುದು. ಆರ್‌ಟಿಐಗೆ ಸೈನ್ಯ ಪೂರ್ತಿ ಹೊರಗಿಲ್ಲ, ಅರ್ಜಿ ಹಾಕಬಹುದು. 8ನೇ ಕಲಮು ತೋರಿಸಿ ಭದ್ರತೆಯ ವಿಷಯ ಎಂದು ವಾಪಸ್ ಕಳಿಸುತ್ತಾರೆ.

ದಾಖಲೆಯಲ್ಲಿ ತಪ್ಪು ಹೆಸರು ಬಿದ್ದರೆ ಏನಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಕದ್ದಾಲಿಕೆಯದ್ದಲ್ಲ, ಸಾದಾ ಪಾಸ್‌ಪೋರ್ಟ್ ವಿಚಾರಣೆ. ನಮ್ಮ ಕಾಕಾನ ಮಗ, ಅಡ್ಡಹೆಸರು ಪಾಟೀಲ. ನಮ್ಮ ಜಿಲ್ಲೆಯಲ್ಲಿ ಪಾಟೀಲರು ಎಷ್ಟು ಮಂದಿ ನೀವೇ ಹೇಳಿ, ಈ ಕೋಣೆಯಲ್ಲೇ ನಾಲ್ಕು ಜನ ಇದ್ದೀರಿ. ಅರ್ಜಿ ಮುಂದೆ ಹೋಗಲಿಲ್ಲ. ಕಚೇರಿಗೆ ಹೋದೆವು. ಗುಮಾಸ್ತರು ಒಂದು ಉದ್ದನೆಯ ರಿಜಿಸ್ಟರ್ ತೆಗೆದರು. ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ. "ನಿಮ್ಮ ಹೆಸರಿನ ಮ್ಯಾಲ ಎಂಟ್ರಿ ಐತ್ರೀ" ಎಂದರು. ನೋಡಲು ಬಗ್ಗಿದೆ. ಅಂಗೈ ಅಗಲ ಮಾಡಿ ಆ ಸಾಲಿನ ಮೇಲೆ ಇಟ್ಟರು. ಬೆರಳ ಸಂದಿಯಲ್ಲಿ ಕಂಡದ್ದು ಹೆಸರಿನ ಮೊದಲಕ್ಷರ ಮತ್ತು ಒಂದು ವರ್ಷ ಮಾತ್ರ. ಆ ವರ್ಷ ನಮ್ಮ ಹುಡುಗ ಎಂಟನೇ ಇಯತ್ತೆಯಲ್ಲಿದ್ದ! ಅದನ್ನು ಹೇಳಿದೆ. "ಹೌದ್ರೀ, ಆದ್ರ ಎಂಟ್ರಿ ಎಂಟ್ರಿನ" ಎಂದರು. ಬೇರೆ ತಾಲೂಕಿನ ಬೇರೆ ಪಾಟೀಲ ಎಂದು ಒಪ್ಪಿಸಲು ಹನ್ನೊಂದು ತಿಂಗಳು ಹಿಡಿಯಿತು. ಅಲ್ಲಿ ಕನಿಷ್ಠ ಒಂದು ರಿಜಿಸ್ಟರ್ ಇತ್ತು, ಅಂಗೈ ಇಡಲು ಒಬ್ಬ ಮನುಷ್ಯ ಇದ್ದ. ಯಾರ ಎದುರು ನಿಂತು ಜಗಳ ಮಾಡಬೇಕು ಎಂದಾದರೂ ನಮಗೆ ಗೊತ್ತಿತ್ತು.

ನನ್ನ ಆಸೆ ಸಣ್ಣದು. ಮಾತನ್ನು ಅಳಿಸಲಿ, ಆರು ತಿಂಗಳೂ ಕಾಯುವುದು ಬೇಡ. ಚೀಟಿಯನ್ನು ಮಾತ್ರ ಇಡಲಿ. ಯಾರ ಮಾತು, ಯಾರ ಆದೇಶ, ಎಂದಿನಿಂದ ಎಂದಿನವರೆಗೆ, ಎಂದು ಅಳಿಸಿದರು. ಅದನ್ನು ನಮಗೆ ತೋರಿಸಬೇಕೆಂದೂ ಇಲ್ಲ. ಸೀಲ್ ಮಾಡಿ ಒಬ್ಬ ನ್ಯಾಯಾಧೀಶರ ಹತ್ತಿರ ಇರಲಿ. ಐದು ವರ್ಷ, ಹತ್ತು ವರ್ಷದ ಮೇಲೆ, ಕೇಸು ಏನೂ ಆಗದವರಿಗೆ ಒಂದು ಕಾಗದ ಬರಲಿ. ಗಡಿ ಜಿಲ್ಲೆಗಳಲ್ಲಿ ಸೈನ್ಯದ ಕಿವಿಗೂ ಇದೇ ಅನ್ವಯಿಸಲಿ. ಅಲ್ಲಿ ಕಾರಣ ಗಟ್ಟಿ ಇರಬಹುದು, ಅದಕ್ಕೇ ಬೇಕಾದರೆ ಹದಿನೈದು ವರ್ಷ ಮಾಡಿ.

ಇಷ್ಟು ಹೇಳಿ ನೀರು ಕುಡಿದೆ. ಮೊದಲ ಪ್ರಶ್ನೆ ಹಿಂದಿನ ಸಾಲಿನ ಅಜ್ಜಾರದ್ದು. ನವಲಗುಂದ ಕಡೆಯವರು. "ವಕೀಲ್ರ, ನನ್ನ ಫೋನ್ ಕೇಳಿದ್ರ ಅವ್ರಿಗೆ ಸಿಗೋದೇನ್ರೀ? ಹೆಸರುಕಾಳಿನ ರೇಟು, ಇಲ್ಲಾ ನಮ್ಮ ಮನಿಯಾಕಿ ಬೈಗುಳ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಿದೆ, "ಅಜ್ಜಾರ, ಆ ಬೈಗುಳ ನಾಳಿ ಪೇಪರಿನ್ಯಾಗ ಬಂದ್ರ?" ಅಜ್ಜಾರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ್ರೀ" ಎಂದರು.

ಒಬ್ಬ ವಿದ್ಯಾರ್ಥಿನಿ ವಾಟ್ಸಾಪ್ ಬಗ್ಗೆ ಕೇಳಿದಳು. ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಮಾತು ತೆರೆಯುತ್ತದೆ, ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರು ಎನ್ನುವುದು ಬೇರೆ ಕತೆ ಎಂದೆ. ಅದಕ್ಕೇ ಒಂದು ಸಂಜೆ ಬೇಕು.

ಕೊನೆಗೆ ಎದ್ದವರು ಒಬ್ಬ ನಿವೃತ್ತ ಸುಬೇದಾರರು. ಹಾವೇರಿ ಕಡೆಯವರು, ಸೈನ್ಯದ ಸಂದೇಶ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಇದ್ದವರಂತೆ. ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದರು. ನಾನು ಸೈನ್ಯದ ಬಗ್ಗೆ ಏನಾದರೂ ತಪ್ಪು ಮಾತಾಡಿದೆನೋ ಎಂದು ಎದೆ ಡವ ಡವ ಎಂದಿತು.

"ಸಾಹೇಬ್ರ, ನೀವು ಸುಡೋದು ಅಂದ್ರ ಗುರುತು ಉಳಿಯಂಗಿಲ್ಲ ಅಂದ್ರಿ. ನಮ್ಮಲ್ಲಿ ಹಂಗಿಲ್ರೀ" ಎಂದರು. "ಸೀಕ್ರೆಟ್ ಕಾಗದ ಸುಡಬೇಕಂದ್ರ ಆಫೀಸರ್ ಬೋರ್ಡ್ ಕೂಡ್ತದ. ಒಂದೊಂದು ಪುಟ ಎಣಸ್ತಾರ. ಕಾಗದದ ನಂಬರ್ ರಿಜಿಸ್ಟರಿಗೆ ತಾಳೆ ನೋಡ್ತಾರ. ಆಮ್ಯಾಲ ಅವ್ರ ಕಣ್ಣ ಮುಂದ ಬೆಂಕಿ. ಬೂದಿ ಕಲಸಿ ಕಲಸಿ ಪುಡಿ ಮಾಡ್ಬೇಕು, ಒಂದು ಅಕ್ಷರ ಉಳೀಬಾರ್ದು. ಅದಾದ್ ಮ್ಯಾಲ ಎಲ್ಲಾರೂ ಸರ್ಟಿಫಿಕೇಟಿಗೆ ಸೈ ಹಾಕ್ತಾರ. ಇಂಥಾ ತಾರೀಖು, ಇಂಥಾ ನಂಬರ್, ಇಷ್ಟು ಪುಟ ಸುಟ್ಟೇವಿ ಅಂತ."

"ಆ ಸರ್ಟಿಫಿಕೇಟ್?" ಎಂದು ಕೇಳಿದೆ.

"ಅದನ್ನ ಸುಡಂಗಿಲ್ರೀ. ಅದು ಫೈಲಿಗೆ."